ಕಂಪ್ಯೂಟರ್ ಕೊಡೋರು ನೂರು ಮಂದಿ, ನೋಡ್ಕೊಳ್ಳೋರು ಯಾರು?



ಪೋಸ್ಟ್ ಸ್ವಲ್ಪ ಉದ್ದ ಇದೆ. ಯಾವಾಗಲೂ ದೌರ್ಜನ್ಯ ಪ್ರಕರಣ, ಹಾಸ್ಟೆಲ್, ಒಳಮೀಸಲಾತಿ ಅಂತ ಬರೆಯೋನು ಇವತ್ತು ಸಾಫ್ಟ್‌ವೇರ್ ಬಗ್ಗೆ ಬರೀತಿದಾನಲ್ಲ ಅಂತ ನಗಬೇಡಿ. ಕೊನೆತನಕ ಓದಿ. ಕೊನೆಯಲ್ಲಿ ನಿಮ್ಮಿಂದ ಒಂದು ಕೆಲಸ ಆಗಬೇಕಿದೆ.

ಕೆಂಪಾಪುರದ ನಮ್ಮ ಓದುಕೋಣೆಗೆ ನಿಮ್ಮಲ್ಲಿ ಕೆಲವರು ಬಂದಿದೀರಿ. ಶೀಟ್ ಹಾಕಿದ ಒಂದೇ ಕೋಣೆ. ಗೋಡೆ ಮೇಲೆ ಬಾಬಾಸಾಹೇಬರು, ಸಾವಿತ್ರಿಬಾಯಿ ಫುಲೆ, ಪ್ರೊ. ಬಿ. ಕೃಷ್ಣಪ್ಪ. ಕೆಳಗೆ ಎಂಟು ಕಂಪ್ಯೂಟರ್. ಎಂಟೂ ಯಾರೋ ಬಳಸಿ ಬಿಟ್ಟಿದ್ದು. ನಾಗವಾರದ ಕಡೆ ಟೆಕ್ ಪಾರ್ಕಿನಲ್ಲಿ ನಮ್ಮ ಹೆಣ್ಮಕ್ಕಳು ಬೆಳಗ್ಗೆ ಆರಕ್ಕೇ ಹೋಗಿ ಗಾಜು ಒರೆಸ್ತಾರೆ. ಆ ಗಾಜಿನ ಒಳಗಡೆ ಇದ್ದ ಕಂಪ್ಯೂಟರ್‌ಗಳು ಹಳೇದಾದಾಗ ನಮ್ಮ ಕೇರಿಗೆ ಬರ್ತವೆ. ಬರೋ ದಿನ ಬ್ಯಾನರ್, ಹಾರ, ಫೋಟೋ ಎಲ್ಲಾ ಇರುತ್ತೆ. ಮಾರನೇ ದಿನದಿಂದ ನಾವು, ನಮ್ಮ ಕಂಪ್ಯೂಟರ್.

2024ರ ಜನವರಿಯಲ್ಲಿ ಹೀಗೇ ಆರು ಕಂಪ್ಯೂಟರ್ ಬಂದವು. ಒಬ್ಬ ಹುಡುಗ, ಒಳ್ಳೇ ಹುಡುಗ, ಇಂಜಿನಿಯರ್, ಎರಡು ಭಾನುವಾರ ಕೂತು ಎಲ್ಲದಕ್ಕೂ ಉಬುಂಟು ಹಾಕಿಕೊಟ್ಟ. "ಇರೋದ್ರಲ್ಲೇ ಹೊಸದು ಹಾಕಿದೀನಿ ಅಣ್ಣ" ಅಂದ. ನಮಗೂ ಖುಷಿ. ಜೀವನದಲ್ಲಿ ಒಂದ್ಸಲ ನಮ್ಮ ಮಕ್ಕಳಿಗೆ ಹೊಸದು ಸಿಕ್ತಲ್ಲ ಅಂತ.

ಆ ವರ್ಷದ ಕೊನೆಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕೋ ಟೈಮು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಸ್ಕ್ಯಾನ್ ಮಾಡೋಕೆ ಅಂತ ಯಾರೋ ಒಂದು ಪ್ರಿಂಟರ್-ಸ್ಕ್ಯಾನರ್ ಕೊಟ್ಟಿದ್ರು. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಇಳಿಸೋಕೆ ಹೋದ್ರೆ ಸ್ಕ್ರೀನ್ ಮೇಲೆ ಒಂದೇ ಮಾತು: 404. ಇಲ್ಲ. ಸಿಗಲ್ಲ. ಬೇರೆ ಕಂಪ್ಯೂಟರ್‌ನಲ್ಲಿ ನೋಡಿದ್ರೂ 404. ಇಂಟರ್ನೆಟ್ ಇದೆ, ಕರೆಂಟ್ ಇದೆ, ಯಂತ್ರ ಚೆನ್ನಾಗೇ ಓಡ್ತಿದೆ. ಆದ್ರೆ ಹೊಸದೇನೂ ಹಾಕೋಕಾಗಲ್ಲ. ಹನ್ನೊಂದು ಮಕ್ಕಳನ್ನ ಕರ್ಕೊಂಡು ರಾತ್ರಿ ಎಂಟೂವರೆಗೆ ಹೆಬ್ಬಾಳದ ಕಡೆ ಸೈಬರ್ ಸೆಂಟರ್ ಹುಡುಕ್ಕೊಂಡು ಹೋದೆ. ಇಬ್ಬರದು ಅವತ್ತು ಆಗಲೇ ಇಲ್ಲ. ಕೊನೇ ದಿನಾಂಕ ಮುಂದಕ್ಕೆ ಹಾಕಿದ್ರಿಂದ ಬಚಾವಾದ್ವಿ. ಇಬ್ಬರು ಹುಡುಗಿಯರ ಒಂದು ವರ್ಷದ ಓದು ಯಾವುದೋ ದಿನಾಂಕದ ದಯೆ ಮೇಲೆ ನಿಂತಿತ್ತು.

ಆಮೇಲೆ ಆ ಹುಡುಗ ಬಂದು ನೋಡಿ ತಲೆ ಮೇಲೆ ಕೈ ಹೊತ್ಕೊಂಡ. ಅವನು ಹಾಕಿದ್ದು ಉಬುಂಟು 23.10. ಅದರ ಆಯಸ್ಸು ಬರೀ ಒಂಬತ್ತು ತಿಂಗಳು. 2024ರ ಜುಲೈಗೇ ಮುಗಿದಿತ್ತು. ಮುಗಿದ ಮೇಲೆ ಅದರ ಸಾಫ್ಟ್‌ವೇರ್ ಕಣಜವನ್ನ ಹಳೇ ಗೋದಾಮಿಗೆ ಸಾಗಿಸ್ತಾರಂತೆ. ನಮ್ಮ ಕಂಪ್ಯೂಟರ್‌ಗಳು ಖಾಲಿ ಮನೆ ಬಾಗಿಲು ತಟ್ತಾ ಇದ್ದವು, ಅಷ್ಟೇ.

ಅವನ ತಪ್ಪು ಅಂತ ನಾನು ಹೇಳಲ್ಲ. "ಇದು ಎಷ್ಟು ವರ್ಷ ಬರುತ್ತೆ ಮಗಾ?" ಅಂತ ನಾನು ಕೇಳಿರಲಿಲ್ಲ. ಸೀಮೆಎಣ್ಣೆ ಸ್ಟವ್ ತಗೊಂಡ್ರೂ ಕೇಳ್ತೀವಿ. ಸಾಫ್ಟ್‌ವೇರ್‌ಗೆ ಕೇಳಬೇಕು ಅಂತಾನೇ ಗೊತ್ತಿರಲಿಲ್ಲ.

ಅವತ್ತಿಂದ ಇದರ ಹಿಂದೆ ಬಿದ್ದೆ. ತಿಳ್ಕೊಂಡಿದ್ದನ್ನ ನಿಮಗೂ ಹೇಳ್ತೀನಿ.

ಉಬುಂಟು ಹೆಸರಲ್ಲೇ ಪಂಚಾಂಗ ಇದೆ. 23.10 ಅಂದ್ರೆ 2023ನೇ ಇಸವಿ, 10ನೇ ತಿಂಗಳು. ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತೆ ಅಕ್ಟೋಬರ್, ಹೊಸದು ಬರುತ್ತೆ. ಇದರಲ್ಲಿ ಎರಡು ಜಾತಿ. (ಇಲ್ಲೂ ಜಾತಿನಾ ಅಂತ ಕೇಳಬೇಡಿ!) ಒಂದು ಒಂಬತ್ತು ತಿಂಗಳಿನದು. ಇನ್ನೊಂದು ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ ಬರೋದು: 20.04, 22.04, 24.04. ಇದಕ್ಕೆ ಎಲ್‌ಟಿಎಸ್ ಅಂತಾರೆ, ಅಂದ್ರೆ ದೀರ್ಘಕಾಲ ನೋಡ್ಕೋತೀವಿ ಅನ್ನೋ ಮಾತು. ಐದು ವರ್ಷ ಭದ್ರತೆಯ ತೇಪೆ ಹಾಕ್ತಾರೆ. ಎರಡೂ ಪುಕ್ಕಟೆ. ನೋಡೋಕೆ ಎರಡೂ ಒಂದೇ ಥರ. ಒಂದು ಒಂಬತ್ತು ತಿಂಗಳಿಗೆ ಕೈ ಬಿಡುತ್ತೆ, ಇನ್ನೊಂದು ಐದು ವರ್ಷ ಹಿಡ್ಕೊಂಡಿರುತ್ತೆ.

ಈ ಎಲ್‌ಟಿಎಸ್ ಉಬುಂಟುವಿನಲ್ಲಿ ಶುರುವಾಗಿದ್ದು 2006ರಲ್ಲಿ. ಅದು ಏಪ್ರಿಲ್‌ಗೆ ಬರಬೇಕಿತ್ತು, 6.04 ಅಂತ. ಆರು ವಾರ ತಡ ಮಾಡಿದ್ರು, ಜೂನ್‌ಗೆ 6.06 ಆಗಿ ಬಂತು. ವರ್ಷಗಟ್ಟಲೆ ಜನ ಇದರ ಮೇಲೆ ನಿಲ್ಲಬೇಕು ಅಂದ್ಮೇಲೆ ತಳಪಾಯ ಗಟ್ಟಿ ಮಾಡೇ ಕೊಡೋಣ ಅಂತ. ಡೆಬಿಯನ್ ಅಂತ ಇನ್ನೊಂದಿದೆ, ಉಬುಂಟುವಿನ ತಾಯಿಬೇರು. ಅವರದು ಬೇರೆ ಲೆಕ್ಕ. ತಾರೀಖು ಮೊದಲು ಹೇಳಲ್ಲ, ರೆಡಿ ಆದಾಗ ಬಿಡ್ತೀವಿ ಅಂತಾರೆ. ಹೆಚ್ಚುಕಮ್ಮಿ ಎರಡು ವರ್ಷಕ್ಕೊಂದು ಬರುತ್ತೆ. 2014ರಿಂದ ಅವರೂ ಒಟ್ಟು ಐದು ವರ್ಷ ನೋಡ್ಕೊಳ್ಳೋ ವ್ಯವಸ್ಥೆ ಮಾಡಿದಾರೆ.

ಮುಗಿಯೋ ದಿನಾಂಕ ಗೊತ್ತಿರೋದು ಎಷ್ಟು ಮುಖ್ಯ ಅಂತ ನಮ್ಮ ಜನಕ್ಕೆ ಪಾಠ ಮಾಡಬೇಕಿಲ್ಲ. ಸಂವಿಧಾನದ 334ನೇ ವಿಧಿ ನೋಡಿ. ಲೋಕಸಭೆ, ವಿಧಾನಸಭೆಗಳಲ್ಲಿ ನಮ್ಮ ಮೀಸಲು ಸ್ಥಾನಗಳಿಗೆ ಮೊದಲು ಬರೆದಿದ್ದು ಹತ್ತೇ ವರ್ಷ. ಹತ್ತತ್ತು ವರ್ಷಕ್ಕೆ ತಿದ್ದುಪಡಿ ಮಾಡ್ತಾ ಬಂದು, 2019ರ 104ನೇ ತಿದ್ದುಪಡಿ ಪ್ರಕಾರ 2030ರ ಜನವರಿವರೆಗೂ ಇದೆ. ದಿನಾಂಕ ಗೊತ್ತಿರೋದ್ರಿಂದ ಮುಂಚಿತವಾಗಿ ಎಚ್ಚರ ಇರ್ತೀವಿ, ಸಭೆ ಮಾಡ್ತೀವಿ, ಒತ್ತಾಯ ಮಾಡ್ತೀವಿ. ದಿನಾಂಕ ಗೊತ್ತಿಲ್ಲದೇ ಇರೋದು ಒಂದಿನ ಬೆಳಗ್ಗೆ ಎದ್ದಾಗ ಇರಲ್ಲ. ನಮ್ಮ ಓದುಕೋಣೆಯಲ್ಲಿ ಆಗಿದ್ದೂ ಅದೇ.

"ತೇಪೆ ನಿಂತ್ರೆ ಏನಾಗುತ್ತೆ, ಓಡ್ತಾ ಇದೆಯಲ್ಲ" ಅಂತ ನಮ್ಮ ಹುಡುಗರೇ ಕೇಳ್ತಾರೆ. ಆ ಕಂಪ್ಯೂಟರ್‌ನಲ್ಲಿ ಏನೇನಿದೆ ನೋಡಿ. ಮಕ್ಕಳ ಆಧಾರ್, ಬ್ಯಾಂಕ್ ಪಾಸ್‌ಬುಕ್, ದೌರ್ಜನ್ಯ ಪ್ರಕರಣಗಳ ದೂರಿನ ಪ್ರತಿ, ಸಾಕ್ಷಿಗಳ ಫೋನ್ ನಂಬರ್. ಬೀಗ ಹಾಳಾದ ಬೀರು ಇದು. ಬೀರು ನಿಂತಿದೆ ಅಂತ ಬೀಗ ಬೇಡ ಅನ್ನೋಕಾಗುತ್ತಾ?

ಇನ್ನೊಂದು ಕಥೆ ಹೇಳ್ತೀನಿ, ನಿಜವಾದ್ದು. ಎಕ್ಸ್‌ಜಡ್ ಅಂತ ಫೈಲ್ ಕುಗ್ಗಿಸೋ ಒಂದು ಸಣ್ಣ ಸಾಫ್ಟ್‌ವೇರ್. ಪ್ರಪಂಚದ ಎಷ್ಟೋ ಸರ್ವರ್‌ಗಳ ಹೊಟ್ಟೆಯಲ್ಲಿ ಇದೆ. ಬಹಳ ವರ್ಷದಿಂದ ಅದನ್ನ ನೋಡ್ಕೊಳ್ತಾ ಇದ್ದಿದ್ದು ಮುಖ್ಯವಾಗಿ ಒಬ್ಬನೇ ಮನುಷ್ಯ, ಸಂಬಳ ಇಲ್ಲದೆ. ಅವನು ದಣಿದಿದ್ದ. "ನಾನು ಸಹಾಯ ಮಾಡ್ತೀನಿ" ಅಂತ ಒಬ್ಬ ಬಂದ. ಎರಡು ವರ್ಷಕ್ಕೂ ಹೆಚ್ಚು ಕಾಲ ನಿಯತ್ತಾಗಿ ಕೆಲಸ ಮಾಡಿ ನಂಬಿಕೆ ಗಳಿಸಿದ. ಕೊನೆಗೆ ಒಳಗೊಳಗೇ ಕಳ್ಳಬಾಗಿಲು ಇಟ್ಟ. 2024ರ ಮಾರ್ಚ್ 29ಕ್ಕೆ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಇಂಜಿನಿಯರ್, ಲಾಗಿನ್ ಆಗೋಕೆ ಅರ್ಧ ಸೆಕೆಂಡ್ ಜಾಸ್ತಿ ತಗೋತಿದೆಯಲ್ಲ ಅಂತ ಕೆದಕಿದ್ದಕ್ಕೆ ಅದು ಬಯಲಾಯ್ತು.

ಇದರಲ್ಲಿ ನಮಗೆ ಎರಡು ಪಾಠ. ಒಂದು, ಆ ಕಳ್ಳಬಾಗಿಲು ಸೇರಿದ್ದು ಪರೀಕ್ಷೆ ಹಂತದಲ್ಲಿದ್ದ, ತೀರಾ ಹೊಸ ಆವೃತ್ತಿಗಳಿಗೆ. ಡೆಬಿಯನ್ ಸ್ಟೇಬಲ್, ಉಬುಂಟು 22.04 ಎಲ್‌ಟಿಎಸ್ ಬಳಸ್ತಿದ್ದವರಿಗೆ ಏನೂ ಆಗಲಿಲ್ಲ. ಆಗ 24.04 ಇನ್ನೂ ತಯಾರಾಗ್ತಿತ್ತು. ಅದರ ಬೀಟಾವನ್ನ ಒಂದು ವಾರ ಮುಂದಕ್ಕೆ ಹಾಕಿ, ಎಲ್ಲವನ್ನೂ ಮತ್ತೆ ಕಟ್ಟಿ, ಆಮೇಲೆ ಬಿಟ್ಟರು. ನಿಧಾನಕ್ಕೂ ಒಂದು ರಕ್ಷಣೆ ಇದೆ. ಎಲ್ಲಕ್ಕಿಂತ ಮೊದಲು ಹೊಸದು ತಗೊಂಡವರೇ ಮೊದಲು ಪೆಟ್ಟು ತಿನ್ನೋದು.

ಎರಡನೇದು ದೊಡ್ಡ ಪಾಠ. ಇಡೀ ಪ್ರಪಂಚ ನಡೆಯೋ ಕೆಲಸವನ್ನ ಯಾರೂ ಕಾಣದ ಒಬ್ಬ ಮನುಷ್ಯ ಸುಸ್ತಾಗಿ ಮಾಡ್ತಾ ಇದ್ದ. 2014ರಲ್ಲೂ ಹೀಗೇ ಆಗಿತ್ತು. ಹಾರ್ಟ್‌ಬ್ಲೀಡ್ ಅನ್ನೋ ದೋಷ ಸಿಕ್ಕಾಗ ಗೊತ್ತಾಯ್ತು, ಬ್ಯಾಂಕಿನಿಂದ ಹಿಡಿದು ಅಂಗಡಿವರೆಗೂ ಎಲ್ಲರೂ ನಂಬಿದ್ದ ಓಪನ್‌ಎಸ್‌ಎಸ್‌ಎಲ್ ಅನ್ನು ನಡೆಸ್ತಿದ್ದೋರು ಬೆರಳೆಣಿಕೆ ಜನ, ಅವರಿಗೆ ಬರ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಲಿನಕ್ಸ್ ಕರ್ನಲ್‌ನವರು ಆರು ವರ್ಷ ನೋಡ್ಕೋತೀವಿ ಅಂತಿದ್ದವರು 2023ರಲ್ಲಿ ಎರಡೇ ವರ್ಷಕ್ಕೆ ಇಳಿಸ್ತೀವಿ ಅಂದ್ರು. ಹಳೇದನ್ನ ಹೊತ್ಕೊಂಡಿರೋಕೆ ಕೈಗಳು ಸಾಲ್ತಿಲ್ಲ. ಹೊಸದು ಬರೆದವನಿಗೆ ವೇದಿಕೆ, ಭಾಷಣ, ಹೆಸರು. ಐದು ವರ್ಷ ಹಳೇದರಲ್ಲಿ ತೂತು ಹುಡುಕಿ ಮುಚ್ಚೋನನ್ನ ಯಾರು ಕರೆದು ಹಾರ ಹಾಕ್ತಾರೆ?

ಇಲ್ಲಿಗೆ ಬಂದಾಗ ನನಗೆ ನಮ್ಮವ್ವ ನೆನಪಾಗ್ತಾಳೆ. ಇಪ್ಪತ್ತೆರಡು ವರ್ಷ ರಸ್ತೆ ಗುಡಿಸಿದಾಳೆ, ಗುತ್ತಿಗೆ ಮೇಲೆ. ರಸ್ತೆಗೆ ಡಾಂಬರು ಹಾಕಿದ ದಿನ ಉದ್ಘಾಟನೆ ಕಲ್ಲು ನೆಟ್ಟರು. ಆ ಕಲ್ಲಿನ ಮೇಲೆ ಹದಿನಾಲ್ಕು ಹೆಸರಿದೆ. ಮಾರನೇ ಬೆಳಗ್ಗೆಯಿಂದ ಆ ರಸ್ತೆಯನ್ನ ರಸ್ತೆಯಾಗಿ ಉಳಿಸಿದವಳ ಹೆಸರು ಹಾಜರಿ ಪುಸ್ತಕದಲ್ಲೂ ಸರಿಯಾಗಿರ್ತಿರಲಿಲ್ಲ. ಈ ದೇಶದಲ್ಲಿ ಕಟ್ಟೋದು, ಉದ್ಘಾಟಿಸೋದು ಮೇಲಿನವರ ಕೆಲಸ. ಉಳಿಸೋದು, ತೊಳೆಯೋದು, ರಿಪೇರಿ ಮಾಡೋದು ಕೆಳಗಿನವರ ಕೆಲಸ ಅಂತ ಸಾವಿರಾರು ವರ್ಷ ಮೊದಲೇ ಹಂಚಿಟ್ಟಿದಾರೆ. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತಾಗ, ನಾಲ್ಕೇ ದಿನಕ್ಕೆ ಬೆಂಗಳೂರಿಗೆ ಗೊತ್ತಾಯ್ತು ಈ ಊರು ಯಾರ ಮೇಲೆ ನಿಂತಿದೆ ಅಂತ. ಸರ್ಕಾರ ಬಂದು ಕಾಯಂ ಮಾಡ್ತೀವಿ ಅನ್ನಬೇಕಾಯ್ತು.

ತಪ್ಪು ತಿಳೀಬೇಡಿ. ಅಮೆರಿಕ, ಯೂರೋಪಿನಲ್ಲಿ ಕೂತು ಕೋಡ್ ಬರೆಯೋನೂ ನಮ್ಮವ್ವನೂ ಒಂದೇ ಅಂತ ನಾನು ಹೇಳ್ತಿಲ್ಲ. ಅವನು ಬೇಡ ಅಂದ್ರೆ ಬಿಟ್ಟು ಬೇರೆ ಕೆಲಸಕ್ಕೆ ಹೋಗಬಹುದು. ನಮ್ಮವ್ವನಿಗೆ ಆ ಬಾಗಿಲು ಇರಲಿಲ್ಲ. ಅವನ ಮೈಮೇಲೆ ಯಾರೂ ಜಾತಿ ಬರೆದಿಲ್ಲ. ಆದ್ರೆ ಉಳಿಸೋ ಕೆಲಸಕ್ಕೆ ಬೆಲೆ ಕೊಡದ ಬುದ್ಧಿ ಇದೆಯಲ್ಲ, ಅದನ್ನ ಗುರುತಿಸೋಕೆ ನಮಗಿಂತ ಚೆನ್ನಾಗಿ ಯಾರಿಗೆ ಬರುತ್ತೆ? ಹಾಗಿದ್ದೂ ನಮ್ಮ ಓದುಕೋಣೆಯಲ್ಲಿ ನಾವೇ ಆ ಬುದ್ಧಿ ತೋರಿಸಿದ್ವಿ. ಕಂಪ್ಯೂಟರ್ ಬಂದ ದಿನ ಐವತ್ತು ಜನ ಫೋಟೋಗೆ ನಿಂತಿದ್ವಿ. ಮುಂದಿನ ಹತ್ತು ತಿಂಗಳು ಅದನ್ನ ಯಾರು ನೋಡ್ಕೊಳ್ಳಬೇಕು ಅಂತ ಒಂದು ಹೆಸರು ಬರೆದಿಡಲಿಲ್ಲ. ಇದು ನನ್ನ ತಪ್ಪು, ಒಪ್ಕೋತೀನಿ.

ಕಳೆದ ವಾರ ಒಬ್ಬ ಗೆಳೆಯರು ಜಗಳಕ್ಕೇ ಬಂದ್ರು. "ದುಡ್ಡಿರೋರ ಮಕ್ಕಳಿಗೆ ವಿಂಡೋಸು, ನಮ್ಮ ಮಕ್ಕಳಿಗೆ ಪುಕ್ಕಟೆ ಲಿನಕ್ಸು. ಇಲ್ಲೂ ನಮಗೆ ಎರಡನೇ ದರ್ಜೆನಾ?" ಅಂತ. ಆ ಸಿಟ್ಟು ನನಗೆ ಅರ್ಥ ಆಗುತ್ತೆ. ಬೇರೆಯವರು ಉಟ್ಟುಬಿಟ್ಟ ಬಟ್ಟೆ ಹಾಕ್ಕೊಂಡು ಬೆಳೆದವರು ನಾವು. ಆದ್ರೆ ಲೆಕ್ಕ ನೋಡಿ ಸರ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯಸ್ಸು ಮುಗೀತು. ನಮ್ಮ ಎಂಟರಲ್ಲಿ ಒಂದಕ್ಕೂ ವಿಂಡೋಸ್ 11 ಹತ್ತಲ್ಲ, ಯಂತ್ರ ಹಳೇದು ಅಂತ ಬಾಗಿಲಲ್ಲೇ ವಾಪಸ್ ಕಳಿಸುತ್ತೆ. ಕಂಪನಿಗಳು ಈಗ ಗುಡ್ಡೆಗುಡ್ಡೆ ಕಂಪ್ಯೂಟರ್ ಹೊರಗೆ ಹಾಕ್ತಿರೋದಕ್ಕೂ ಇದೊಂದು ಕಾರಣ. ಅದೇ ಯಂತ್ರದಲ್ಲಿ ಉಬುಂಟು 24.04 ಎಲ್‌ಟಿಎಸ್ 2029ರವರೆಗೂ ಓಡುತ್ತೆ. ದೊಡ್ಡ ಕಂಪನಿ ಸತ್ತಿದೆ ಅಂತ ಹೇಳಿದ ಯಂತ್ರಕ್ಕೆ ಆಮೇಲೂ ಸುಮಾರು ಮೂರೂವರೆ ವರ್ಷ ಜೀವ. ಇದು ಎರಡನೇ ದರ್ಜೆ ಹೇಗಾಗುತ್ತೆ? ಯಾರೂ ನಮ್ಮನ್ನ ಅನುಮತಿ ಕೇಳಿ ಅನ್ನಲ್ಲ, ಒಳಗೆ ಏನಿದೆ ಅಂತ ಬಿಚ್ಚಿ ನೋಡಬಹುದು, ತಿದ್ದಬಹುದು. ಬಾವಿ ಮುಟ್ಟಬೇಡ ಅನ್ನಿಸಿಕೊಂಡ ಜನಕ್ಕೆ ಇದರ ಅರ್ಥ ಬೇಗ ಆಗಬೇಕು.

ಎಲ್‌ಟಿಎಸ್ ಅಂದ್ರೆ ಎಲ್ಲಾ ಸಿಹಿ ಅಂತಾನೂ ಇಲ್ಲ. ಮುಖ್ಯವಾಗಿ ಭದ್ರತೆಯ ತೇಪೆ ಬರುತ್ತೆ, ಹೊಸ ಸೌಕರ್ಯ ಬರಲ್ಲ. ಕನ್ನಡದ ಒತ್ತಕ್ಷರ ಎಲ್ಲೋ ತಪ್ಪಾಗಿ ಕಾಣ್ತಿದ್ರೆ, ಮೇಲೆ ಅದು ಸರಿಯಾದ್ರೂ ನಮಗೆ ಮುಂದಿನ ಎಲ್‌ಟಿಎಸ್‌ನಲ್ಲೇ ಸಿಗಬಹುದು. ತೀರಾ ಹಳೇ 32 ಬಿಟ್ ಯಂತ್ರಗಳಿಗಂತೂ ಬಾಗಿಲು ಮುಚ್ತಾ ಬಂತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ನ್ನ ಅವುಗಳಿಗೆ ಹೊಸದಾಗಿ ಹಾಕೋಕೆ ಆಗಲ್ಲ. ನಮ್ಮಲ್ಲಿ ಅಂಥವು ಎರಡಿವೆ. ಅವಕ್ಕೆ ಡೆಬಿಯನ್ 12 ಹಾಕಿದೀವಿ, 2028ರ ಜೂನ್‌ವರೆಗೆ. ಆಮೇಲೆ ಅವಕ್ಕೆ ವಿದಾಯ. ಈಗಲೇ ಗೊತ್ತಿದೆ, ಹಾಗಾಗಿ ಈಗಲೇ ದುಡ್ಡು ಕೂಡಿಸೋಕೆ ಶುರು ಮಾಡಬಹುದು.

ನಮ್ಮ ನೆರೆಯವರನ್ನ ನೋಡಿ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಇಪ್ಪತ್ತು ವರ್ಷದ ಹತ್ತಿರ ಆಯ್ತು ಸ್ವತಂತ್ರ ಸಾಫ್ಟ್‌ವೇರ್ ನಡೀತಿದೆ. ಕೈಟ್ ಅಂತ ಅವರದೇ ಸರ್ಕಾರಿ ಸಂಸ್ಥೆ ಇದೆ. ಅದು ಉಬುಂಟುವಿನ ಎಲ್‌ಟಿಎಸ್ ತಗೊಂಡು ಶಾಲೆಗೆ ಬೇಕಾದಂಗೆ ತಿದ್ದಿ ಕೊಡುತ್ತೆ. ಮೊದಲು 18.04 ಇತ್ತು, ಆಮೇಲೆ 22.04. ಹೊಸದು ಬಂದ ದಿನವೇ ಓಡಿಹೋಗಿ ಹಾಕಲ್ಲ. ತಿದ್ದಿ, ಪರೀಕ್ಷೆ ಮಾಡಿ, ಪಠ್ಯಕ್ಕೆ ಹೊಂದಿಸಿ, ಮೇಷ್ಟ್ರಿಗೆ ತರಬೇತಿ ಕೊಟ್ಟು ಆಮೇಲೆ. ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಅದರಲ್ಲೇ ಕಲೀತಿದಾರೆ. ಗಡಿ ಆಚೆಯ ಕನ್ನಡ ಮಗುವಿಗೆ ಇರೋ ವ್ಯವಸ್ಥೆ ರಾಜಧಾನಿಯ ಕೆಂಪಾಪುರದ ಮಗುವಿಗೆ ಯಾಕಿಲ್ಲ ಅಂತ ಕೇಳೋ ಹಕ್ಕು ನಮಗಿದೆ.

ಬೆಂಗಳೂರಲ್ಲಿ ಯಾರೂ ಮಾಡಿಲ್ಲ ಅಂತಲ್ಲ. ಬನ್ನೇರುಘಟ್ಟ ರಸ್ತೆಯ ಕಡೆ ಗುರಪ್ಪನಪಾಳ್ಯದ ಸುದರ್ಶನ್ ಲೇಔಟ್ ಸ್ಲಂನಲ್ಲಿ ಸ್ವತಂತ್ರ ಸಾಫ್ಟ್‌ವೇರ್ ಚಳವಳಿಯ ಹುಡುಗರು, ಅಲ್ಲಿನ ಜನ ಸೇರಿ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ಅಂತ ಕಟ್ಟಿದ್ರು. ವಾರದ ರಜೆಯಲ್ಲಿ ಬಂದು ಕೇರಿ ಮಕ್ಕಳಿಗೆ ಹಳೇ ಯಂತ್ರದಲ್ಲಿ ಲಿನಕ್ಸ್ ಕಲಿಸಿದ್ರು. ಬಾಬಾಸಾಹೇಬರ ಹೆಸರಿಗೂ ಈ ಸಾಫ್ಟ್‌ವೇರ್‌ಗೂ ಸಂಬಂಧ ಇವತ್ತು ನಾನು ಹುಟ್ಟಿಸಿದ್ದಲ್ಲ.

ಇನ್ನೊಂದು ಮಾತು, ಇದು ಚಳವಳಿಯವರಿಗೆ. ನಮ್ಮ ಹಳೇ ಕರಪತ್ರ, ನಿರ್ಣಯ, ಮನವಿಪತ್ರ, ಸ್ಮರಣ ಸಂಚಿಕೆ ಎಲ್ಲಾ ಯಾವುದರಲ್ಲಿ ಟೈಪ್ ಆಗಿವೆ? ಹಳೇ ನುಡಿ, ಬರಹ, ಶ್ರೀಲಿಪಿ, ಪೇಜ್‌ಮೇಕರ್. ಯೂನಿಕೋಡ್ ಅಲ್ಲದ ಆ ಫೈಲ್‌ಗಳನ್ನ ಇವತ್ತು ತೆರೆದ್ರೆ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತೆ. ಅರವಿಂದ ವಿ.ಕೆ. ಅವರಂಥವರು ಹಳೇ ಅಕ್ಷರವನ್ನ ಯೂನಿಕೋಡ್‌ಗೆ ಬದಲಾಯಿಸೋ ಮುಕ್ತ ಪರಿವರ್ತಕ ಮಾಡಿ ಕೊಟ್ಟಿದ್ರಿಂದ ನನ್ನ ಹತ್ತಿರ ಇದ್ದ ಇನ್ನೂರು ಪುಟ ಉಳೀತು. ಮನುಷ್ಯನ ಆಯಸ್ಸಿಗಿಂತ ಫೈಲಿನ ಆಯಸ್ಸು ಕಮ್ಮಿ ಆಗಿಬಿಟ್ರೆ ನಮ್ಮ ಇತಿಹಾಸ ಯಾರು ಬರೀತಾರೆ? ಬೇರೆಯವರೇ ಬರೀತಾರೆ, ಇಷ್ಟು ದಿನ ಬರೆದಂಗೆ.

ಸರಿ, ಈಗ ಕೆಲಸದ ಮಾತು. ನಮ್ಮ ಓದುಕೋಣೆಯಲ್ಲಿ ಐದು ತೀರ್ಮಾನ ಮಾಡಿದೀವಿ. ನಿಮ್ಮ ಕೇರಿಯಲ್ಲಿ, ಹಾಸ್ಟೆಲ್‌ನಲ್ಲಿ, ಸಂಘದ ಆಫೀಸಲ್ಲಿ ಕಂಪ್ಯೂಟರ್ ಇದ್ರೆ ನೀವೂ ಮಾಡಿ.

1. ಎಲ್‌ಟಿಎಸ್ ಬಿಟ್ಟು ಬೇರೆ ಹಾಕಲ್ಲ. ಯಾರು ಎಷ್ಟೇ ಪ್ರೀತಿಯಿಂದ "ಹೊಸದು ಬಂದಿದೆ ಅಣ್ಣ" ಅಂದ್ರೂ ಇಲ್ಲ.

2. ಪ್ರತಿ ಕಂಪ್ಯೂಟರ್ ಮೇಲೆ ಬಿಳಿ ಚೀಟಿ. ಯಾವ ಆವೃತ್ತಿ, ಯಾವ ತಿಂಗಳಿಗೆ ಮುಗಿಯುತ್ತೆ, ನೋಡ್ಕೊಳ್ಳೋರ ಹೆಸರು. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ.

3. ಬದಲಾಯಿಸೋ ಕಾಲವನ್ನ ನಮ್ಮ ಪಂಚಾಂಗ ನೋಡಿ ಇಡ್ತೀವಿ. 26.04 ಎಲ್‌ಟಿಎಸ್‌ಗೆ ನಿಗದಿಯಾದ ತಿಂಗಳು 2026ರ ಏಪ್ರಿಲ್. ಆದ್ರೆ ಮಾರ್ಚ್-ಏಪ್ರಿಲ್ ಎಸ್ಸೆಸ್ಸೆಲ್ಸಿ ಪರೀಕ್ಷೆ, ಏಪ್ರಿಲ್ 14 ಜಯಂತಿ. ಆಗ ಯಾರೂ ಯಂತ್ರ ಮುಟ್ಟಬಾರದು. ಉಬುಂಟುವಿನವರೇ ಒಂದು ಎಲ್‌ಟಿಎಸ್‌ನಿಂದ ಇನ್ನೊಂದಕ್ಕೆ ಹೋಗಿ ಅಂತ ಕೇಳೋದು ಆಗಸ್ಟ್‌ನಲ್ಲಿ ಮೊದಲ ತಿದ್ದುಪಡಿ ಆವೃತ್ತಿ ಬಂದ ಮೇಲೆ. ಮೊದಲು ಒಂದೇ ಯಂತ್ರಕ್ಕೆ ಹಾಕಿ ಪ್ರಿಂಟರ್, ಕನ್ನಡ ಕೀಲಿ, ಸ್ಕಾಲರ್‌ಶಿಪ್ ಪೋರ್ಟಲ್ ಮೂರನ್ನೂ ನೋಡ್ತೀವಿ. ಸರಿ ಇದ್ರೆ ದಸರಾ ರಜೆಯಲ್ಲಿ ಉಳಿದವು. ಸರಿ ಇಲ್ಲ ಅಂದ್ರೆ 24.04ರಲ್ಲೇ ಇರ್ತೀವಿ, 2029ರವರೆಗೂ ಅವಸರ ಏನಿಲ್ಲ.

4. ಬರೋಕೆ ಮುಂಚೆಯೇ ಬಾಯಿ ಬಿಡಬೇಕು. ಫೆಬ್ರವರಿಗೆ ಹೊಸ ಸೌಕರ್ಯ ಸೇರಿಸೋದು ನಿಲ್ಲುತ್ತೆ, ಮಾರ್ಚ್ ಕೊನೆಗೆ ಬೀಟಾ ಬರುತ್ತೆ, ಅನುವಾದಕ್ಕೂ ಗಡುವು ಇರುತ್ತೆ. ಆ ಗಡುವಿನೊಳಗೆ ಕನ್ನಡದ ತಪ್ಪು ಹೇಳಿದ್ರೆ ಸರಿಯಾಗಬಹುದು. ಆಮೇಲೆ ಹೇಳಿದ್ರೆ ಆ ತಪ್ಪಿನ ಜೊತೆ ಎರಡು ವರ್ಷ ಸಂಸಾರ. ಫೆಬ್ರವರಿ, ಮಾರ್ಚ್‌ನ ಭಾನುವಾರಗಳಲ್ಲಿ ನಮ್ಮ ಪಿಯು ಮಕ್ಕಳು ಕೂತು ಪರೀಕ್ಷೆ ಮಾಡ್ತಾರೆ. ನಮ್ಮ ಮಕ್ಕಳು ಹೇಳಿದ ತಪ್ಪು ತಿದ್ದಿ ಪ್ರಪಂಚಕ್ಕೆಲ್ಲಾ ಹೋಗುತ್ತೆ ಅಂದ್ರೆ ಆ ಮಗುವಿನ ಎದೆ ಎಷ್ಟಗಲ ಆಗಬೇಡ!

5. ನೋಡ್ಕೊಳ್ಳೋರಿಗೆ ದುಡ್ಡು ಕೊಡ್ತೀವಿ. ನಮ್ಮ ಕೇರಿಯ ಇಬ್ಬರು ಹುಡುಗಿಯರು, 404 ನೋಡಿ ಅತ್ತವರೇ, ಈಗ ಇದನ್ನ ಕಲ್ತಿದಾರೆ. ತಿಂಗಳಿಗೆ ತಲಾ ಒಂದು ಸಾವಿರ. ಕಮ್ಮಿ ಅಂತ ಗೊತ್ತು. ಆದ್ರೆ "ಸೇವೆ" ಅಂತ ಹೇಳಿ ಬಿಟ್ಟಿ ದುಡಿಸ್ಕೊಳ್ಳೋದನ್ನ ನಾವು ಮಾಡಲ್ಲ. ಡೆಬಿಯನ್‌ನಲ್ಲೂ ಹಳೇ ಆವೃತ್ತಿ ಉಳಿಯೋಕೆ ಕಂಪನಿಗಳಿಂದ ಹಣ ತಂದು ಕೆಲಸಗಾರರಿಗೆ ಗಂಟೆ ಲೆಕ್ಕದಲ್ಲಿ ಕೊಡ್ತಾರೆ. ಉಳಿಸೋ ಕೆಲಸಕ್ಕೆ ಕೂಲಿ ಇರಲೇಬೇಕು.

ನಿಮ್ಮಿಂದ ಬೇಕಾಗಿರೋದು ಇದು. ಇನ್ಮೇಲೆ ನಮಗೆ ಕಂಪ್ಯೂಟರ್ ಕೊಡಿಸ್ತೀನಿ ಅಂತ ಬರೋರು ಒಂದು ಯಂತ್ರಕ್ಕೆ ಮೂರು ವರ್ಷದ ನಿಗಾ ಖರ್ಚು ಜೊತೆಗೆ ತನ್ನಿ. ಆಗಲ್ಲ ಅಂದ್ರೆ ಯಂತ್ರ ಬೇಡ, ನಿಗಾ ಖರ್ಚು ಮಾತ್ರ ಕೊಡಿ. ಬ್ಯಾನರ್ ಬೇಡ. ಶಾಸಕರ, ಇಲಾಖೆಯವರ ಹತ್ತಿರ ಮನವಿ ಕೊಡೋರು "ಕಂಪ್ಯೂಟರ್ ಲ್ಯಾಬ್ ಕೊಡಿ" ಅಂತ ಬರೆದು ಅಲ್ಲಿಗೇ ನಿಲ್ಲಿಸಬೇಡಿ. "ಐದು ವರ್ಷ ಯಾರು ನೋಡ್ಕೋತಾರೆ, ಎಷ್ಟು ಸಂಬಳ" ಅಂತ ಎರಡನೇ ಸಾಲು ಸೇರಿಸಿ. ಬಜೆಟ್‌ನಲ್ಲಿ ಆ ಸಾಲಿಗೆ ನಾವು ಹೋರಾಡಬೇಕು.

ಮೊನ್ನೆ ನಮ್ಮವ್ವ ಓದುಕೋಣೆಗೆ ಬಂದಿದ್ಳು. ಕಂಪ್ಯೂಟರ್ ಮೇಲೆ ಅಂಟಿಸಿದ ಬಿಳಿ ಚೀಟಿ ತೋರಿಸಿ ಇದೇನಪ್ಪಾ ಅಂದ್ಳು. ಇದನ್ನ ನೋಡ್ಕೊಳ್ಳೋ ಹುಡುಗಿ ಹೆಸರು ಕಣವ್ವ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಹೆಸರು ಬರ್ದಿದೀರಾ, ಒಳ್ಳೇದಾಯ್ತು" ಅಂದ್ಳು.

ನಿಮ್ಮ ಕೇರಿಯ ಕಂಪ್ಯೂಟರ್‌ಗಳ ಮೇಲೆ ಯಾರ ಹೆಸರಿದೆ? ಕೆಳಗೆ ಬರೀರಿ.

ಜೈ ಭೀಮ್.